ಪ್ಲಸ್ ಟು ಮುಗಿಸಿದ ಮಕ್ಕಳಿಗೆ ಕ್ರೈಸ್ತ ಕಾಲೇಜು: ಸೇರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು



ಪ್ಲಸ್ ಟು ಫಲಿತಾಂಶ ಬಂದ ಮರುದಿನದಿಂದ ಸಂಘದ ಕಚೇರಿಗೆ ಹೆತ್ತವರು ಬರತೊಡಗುತ್ತಾರೆ. ಅರ್ಜಿ ತುಂಬಿಸಿಕೊಡಲು ಹೇಳುವವರು ಕೆಲವರು, ಸಲಹೆ ಕೇಳುವವರು ಹಲವರು. ಕಾಸರಗೋಡು, ಮಂಜೇಶ್ವರ ಭಾಗದ ನಮಗೆ ಹತ್ತಿರದ ದೊಡ್ಡ ಪಟ್ಟಣ ಮಂಗಳೂರು. ಅಲ್ಲಿ ಹೆಸರಿರುವ ಕಾಲೇಜುಗಳಲ್ಲಿ ಅನೇಕವು ಕ್ರೈಸ್ತ ಸಂಸ್ಥೆಗಳದ್ದು. ಹಾಗಾಗಿ ಮಾತು ಬೇಗ ಅಲ್ಲಿಗೇ ಬರುತ್ತದೆ.

ಮೂರು ಬಗೆಯ ಮಾತು ಕೇಳಿಬರುತ್ತದೆ. "ಪಾದ್ರಿಗಳು ನಡೆಸುವ ಕಾಲೇಜು, ಶಿಸ್ತು ಇರುತ್ತದೆ, ಕಣ್ಣು ಮುಚ್ಚಿ ಸೇರಿಸಬಹುದಲ್ಲ?" ಎನ್ನುವವರು ಒಂದು ಕಡೆ. "ಅಲ್ಲಿ ಸೇರಿಸಿದರೆ ಹುಡುಗಿಯ ಮನಸ್ಸು ಬದಲಾಯಿಸಿಬಿಡುತ್ತಾರಂತೆ" ಎಂದು ಹೆದರುವವರು ಇನ್ನೊಂದು ಕಡೆ. ಬೇಳ, ಕಯ್ಯಾರು, ವರ್ಕಾಡಿ ಕಡೆಯ ಕ್ರೈಸ್ತ ಬಂಧುಗಳದ್ದು ಮೂರನೆಯ ಮಾತು: "ಮಗ ಇಗರ್ಜಿಯಿಂದ ದೂರ ಹೋಗದಂತೆ ನೋಡಿಕೊಳ್ಳುತ್ತಾರೆಯೇ?"

ಮೂವರೂ ಕಾಲೇಜಿನ ಫಲಕವನ್ನು ನೋಡಿ ಮಾತನಾಡುತ್ತಿದ್ದಾರೆ. ಫಲಕ ಹೇಳುವುದು ಕಾಲೇಜನ್ನು ನಡೆಸುವವರು ಯಾರು ಎಂಬುದನ್ನು ಮಾತ್ರ. ನಮ್ಮ ಮಗುವಿಗೆ ಅಲ್ಲಿ ಏನು ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ, ಕನ್ನಡಕ್ಕೆ ಜಾಗ ಇದೆಯೇ ಎಂಬುದನ್ನು ಫಲಕ ಹೇಳುವುದಿಲ್ಲ. ಅದನ್ನು ನಾವೇ ಕೇಳಿ ತಿಳಿಯಬೇಕು. ಏನು ಕೇಳಬೇಕು ಎಂಬುದನ್ನು ಒಂದು ಕಡೆ ಬರೆದಿಟ್ಟರೆ ಉಪಯೋಗವಾದೀತೆಂದು ಈ ಲೇಖನ.

ಹೆಸರು ಒಂದೇ, ಮನೆಗಳು ಬೇರೆ

'ಕ್ರೈಸ್ತ ಕಾಲೇಜು' ಎಂದರೆ ಒಂದೇ ಆಡಳಿತ, ಒಂದೇ ರೀತಿ ಅಲ್ಲ. ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ 1880ರಲ್ಲಿ ಯೇಸುಸಭೆಯ ಪಾದ್ರಿಗಳು ಸ್ಥಾಪಿಸಿದ್ದು. ಬೆಂಗಳೂರಿನ ಸಂತ ಜೋಸೆಫರ ವಿಶ್ವವಿದ್ಯಾನಿಲಯ, ಚೆನ್ನೈಯ ಲೊಯೊಲಾ, ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜುಗಳನ್ನು ನಡೆಸುವವರೂ ಯೇಸುಸಭೆಯವರೇ. ಬೆಂದೂರಿನ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಹುಡುಗಿಯರಿಗಾಗಿ ತೆರೆದದ್ದು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವುದೇ ಅಪರೂಪವಾಗಿದ್ದ ಕಾಲ ಅದು. ಸಮಾಜಕಾರ್ಯ ಕಲಿಯಬೇಕೆನ್ನುವವರು ನೆನೆಯುವ ರೋಶನಿ ನಿಲಯ 1960ರದ್ದು. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯ ಮೂಲ 1880ರಲ್ಲಿ ಪಾದ್ರಿ ಅಗಸ್ಟಸ್ ಮುಲ್ಲರ್ ಆರಂಭಿಸಿದ ಹೋಮಿಯೋಪತಿ ಔಷಧಾಲಯದಲ್ಲಿದೆ. ವಾಮಂಜೂರಿನ ಸಂತ ಜೋಸೆಫ್ ಎಂಜಿನಿಯರಿಂಗ್ ಕಾಲೇಜು ಮಂಗಳೂರು ಧರ್ಮಪ್ರಾಂತ್ಯದ್ದು, 2002ರಲ್ಲಿ ಶುರುವಾದದ್ದು.

ದಕ್ಷಿಣಕ್ಕೆ ಹೋದರೆ ಬೇರೆಯೇ ಚಿತ್ರ. ನಮ್ಮದೇ ಜಿಲ್ಲೆಯ ರಾಜಪುರದಲ್ಲಿ ಸಂತ ಹತ್ತನೇ ಪಿಯೂಸ್ ಕಾಲೇಜು 1995ರಿಂದ ಇದೆ, ಈಗ ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಕೋಝಿಕ್ಕೋಡಿನ ಮಲಬಾರ್ ಕ್ರಿಶ್ಚಿಯನ್ ಕಾಲೇಜು ಪ್ರೊಟೆಸ್ಟೆಂಟ್ ಪರಂಪರೆಯದ್ದು, ಬಾಸೆಲ್ ಮಿಷನ್ ಬಿತ್ತಿದ ಬೀಜ. ಇದೇ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1843ರ 'ಮಂಗಳೂರ ಸಮಾಚಾರ' ಪತ್ರಿಕೆಯೂ ಕಿಟೆಲ್ ಅವರ 1894ರ ನಿಘಂಟೂ ಕನ್ನಡಕ್ಕೆ ಸಿಕ್ಕಿದ್ದು ಅವರ ಮೂಲಕ.

ಇಷ್ಟೆಲ್ಲ ಹೇಳಿದ್ದು ಇತಿಹಾಸ ಒಪ್ಪಿಸಲು ಅಲ್ಲ. ಕ್ಯಾಥೊಲಿಕ್ ಸಭೆಯೊಂದರದ್ದೋ, ಧರ್ಮಪ್ರಾಂತ್ಯದ್ದೋ, ಪ್ರೊಟೆಸ್ಟೆಂಟ್ ಸಭೆಯದ್ದೋ, ಖಾಸಗಿ ಟ್ರಸ್ಟಿನದ್ದೋ ಎಂಬುದರ ಮೇಲೆ ಕಾಲೇಜಿನ ರೀತಿನೀತಿ ಬದಲಾಗುತ್ತದೆ. ಸಂತನ ಹೆಸರಿದ್ದ ಮಾತ್ರಕ್ಕೆ ನೂರು ವರ್ಷದ ಅನುಭವ ಇರಬೇಕೆಂದಿಲ್ಲ. ಆದ್ದರಿಂದ ಮೊದಲ ಪ್ರಶ್ನೆ: ನಡೆಸುವವರು ಯಾರು, ಎಷ್ಟು ಕಾಲದಿಂದ?

ಸಂವಿಧಾನ ಏನು ಹೇಳುತ್ತದೆ

ಸಂವಿಧಾನದ 30ನೇ ವಿಧಿ ಧಾರ್ಮಿಕ ಅಲ್ಪಸಂಖ್ಯಾತರಿಗೂ ಭಾಷಾ ಅಲ್ಪಸಂಖ್ಯಾತರಿಗೂ ತಮ್ಮ ಇಷ್ಟದ ವಿದ್ಯಾಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಕ್ರೈಸ್ತ ಕಾಲೇಜುಗಳು ನಿಂತಿರುವುದು ಈ ವಿಧಿಯ ಮೇಲೆ. ಕೇರಳದಲ್ಲಿ ಕನ್ನಡಿಗರಾದ ನಾವು ನಮ್ಮ ಶಾಲೆಗಳ ಪರವಾಗಿ ಮಾತನಾಡುವಾಗ ಹಿಡಿಯುವುದೂ ಇದೇ ವಿಧಿಯನ್ನು. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು ಹೇಳಿತು. ನೆರೆಯ ಮಣಿಪಾಲದಿಂದ ಹೋದ ಆ ಪ್ರಕರಣದ ತೀರ್ಪು ಕ್ರೈಸ್ತರಿಗೂ ಗಡಿನಾಡ ಕನ್ನಡಿಗರಿಗೂ ಒಂದೇ ಅಳತೆಗೋಲು. ಹಾಗಾಗಿ ಇನ್ನೊಬ್ಬರ ಕಾಲೇಜನ್ನು 'ಅವರದ್ದು' ಎಂದು ದೂರ ಇಡುವ ಮೊದಲು, ಅದೇ ಕೊಡೆಯ ಕೆಳಗೆ ನಾವೂ ನಿಂತಿದ್ದೇವೆ ಎಂಬುದನ್ನು ಮರೆಯಬಾರದು.

ಈ ಹಕ್ಕಿನ ಫಲವಾಗಿ ಕ್ರೈಸ್ತ ಕಾಲೇಜುಗಳು ತಮ್ಮ ಸಮುದಾಯದ ಮಕ್ಕಳಿಗೆ ಕೆಲವು ಸೀಟುಗಳನ್ನು ಕಾದಿರಿಸುತ್ತವೆ. ಕ್ರೈಸ್ತ ಕುಟುಂಬದವರು ಇಗರ್ಜಿಯ ಪತ್ರ, ಜ್ಞಾನಸ್ನಾನದ ದಾಖಲೆ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ಉಳಿದವರು ಹಿಂಜರಿಯಬೇಕಾಗಿಲ್ಲ. 29ನೇ ವಿಧಿಯ ಪ್ರಕಾರ ಸರಕಾರದ ಅನುದಾನ ಪಡೆಯುವ ಸಂಸ್ಥೆ ಕೇವಲ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಇಂಥ ಕಾಲೇಜುಗಳ ತರಗತಿಗಳಲ್ಲಿ ಎಲ್ಲ ಧರ್ಮದ ಮಕ್ಕಳೂ ಒಟ್ಟಿಗೆ ಕೂತು ಓದುತ್ತಿದ್ದಾರೆ.

ಪ್ರಾರ್ಥನೆ ಮತ್ತು ವಿಶ್ವಾಸ

ಹೆದರುವ ಹೆತ್ತವರು ಓದಬೇಕಾದದ್ದು 28ನೇ ವಿಧಿಯ ಮೂರನೇ ಉಪವಿಧಿ. ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಸಂಸ್ಥೆಯೂ ವಿದ್ಯಾರ್ಥಿಯನ್ನು ಅವನ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕಡ್ಡಾಯ ಮಾಡುವಂತಿಲ್ಲ. 18 ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು. ಪ್ಲಸ್ ಟು ಮುಗಿಸುವ ಮಕ್ಕಳಲ್ಲಿ ಹಲವರಿಗೆ 17 ನಡೆಯುತ್ತಿರುತ್ತದೆ, ಆದ್ದರಿಂದ ಆ ಒಪ್ಪಿಗೆಯ ಸಹಿ ನಿಮ್ಮದು. ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರದ ಘೋಷಣೆಯನ್ನು ಓದಿಯೇ ಸಹಿ ಹಾಕಿ.

ಹಲವು ಕ್ಯಾಥೊಲಿಕ್ ಕಾಲೇಜುಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ತರಗತಿ, ಉಳಿದವರಿಗೆ ನೀತಿಬೋಧೆಯ ತರಗತಿ ಇರುತ್ತದೆ. ಬೆಳಿಗ್ಗೆ ಎಲ್ಲರಿಗೂ ಸೇರಿ ಒಂದು ಪ್ರಾರ್ಥನೆ ಇರಬಹುದು. ಇದನ್ನೆಲ್ಲ ಗುಟ್ಟಾಗಿ ವಿಚಾರಿಸುವ ಅಗತ್ಯವಿಲ್ಲ. ಪ್ರಾಂಶುಪಾಲರನ್ನೇ ನೇರವಾಗಿ ಕೇಳಿ: ನೀತಿಬೋಧೆಯಲ್ಲಿ ಏನು ಕಲಿಸುತ್ತೀರಿ? ಹಾಜರಾತಿಗೆ ಲೆಕ್ಕವೇ? ಹಾಸ್ಟೆಲಿನಲ್ಲಿ ಇತರ ಧರ್ಮದ ಮಕ್ಕಳಿಗೆ ತಮ್ಮ ಆಚರಣೆಗೆ, ವ್ರತ ಉಪವಾಸಕ್ಕೆ, ಊಟದ ಪದ್ಧತಿಗೆ ಅನುಕೂಲ ಇದೆಯೇ? ಒಳ್ಳೆಯ ಕಾಲೇಜು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಉತ್ತರ ತಪ್ಪಿಸಿದರೆ ಅದೂ ಒಂದು ಉತ್ತರವೇ.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆದದ್ದು ಯೇಸುವಿನ ಕೊನೆಯ ದಿನದ ಬಗ್ಗೆ, 'ವೈಶಾಖಿ' ಬರೆದದ್ದು ಬುದ್ಧನ ಬಗ್ಗೆ. ಇನ್ನೊಬ್ಬರ ಧರ್ಮವನ್ನು ಹತ್ತಿರದಿಂದ ತಿಳಿದರೆ ತನ್ನದು ಕಳೆದುಹೋಗುತ್ತದೆ ಎಂಬ ಭಯ ನಮ್ಮ ಊರಿನ ಹಿರಿಯರಿಗೆ ಇರಲಿಲ್ಲ.

ಕ್ರೈಸ್ತ ಕುಟುಂಬಗಳ ಪ್ರಶ್ನೆ ಬೇರೆ. ಕಾಲೇಜಿನಲ್ಲಿ ಪೂಜೆಗೆ ಚ್ಯಾಪೆಲ್ ಇದೆಯೇ, ವಿದ್ಯಾರ್ಥಿಗಳ ಮಾತು ಕೇಳಲು ಒಬ್ಬ ಪಾದ್ರಿಯಾಗಲಿ ಭಗಿನಿಯಾಗಲಿ ಇದ್ದಾರೆಯೇ, ಕ್ಯಾಥೊಲಿಕ್ ವಿದ್ಯಾರ್ಥಿಗಳ ಐಕಫ್ ಘಟಕವಾಗಲಿ ಪ್ರೊಟೆಸ್ಟೆಂಟರ ವಿದ್ಯಾರ್ಥಿ ಕ್ರೈಸ್ತ ಚಳವಳಿಯಾಗಲಿ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಸಂತ ಅಲೋಶಿಯಸ್ ಚ್ಯಾಪೆಲಿನಲ್ಲಿ ಆಂಟೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳನ್ನು ನೋಡಲು ದೂರದಿಂದ ಪ್ರವಾಸಿಗಳು ಬರುತ್ತಾರೆ. ಆದರೆ ಮಗನಿಗೆ ಕಷ್ಟ ಬಂದ ದಿನ ಮಾತಿಗೆ ಸಿಗುವ ಒಬ್ಬ ಮನುಷ್ಯ ಅಲ್ಲಿ ಇದ್ದಾರೆಯೇ ಎಂಬುದು ಅದಕ್ಕಿಂತ ಮುಖ್ಯ. ಹಾಗೆಯೇ, ವಿಶ್ವಾಸವನ್ನು ಪೂರ್ತಿಯಾಗಿ ಕಾಲೇಜಿಗೆ ಗುತ್ತಿಗೆ ಕೊಡಲು ಆಗುವುದಿಲ್ಲ. ಮನೆಯಲ್ಲಿ ಇಲ್ಲದ್ದನ್ನು ಕಾಲೇಜು ಮೂರು ವರ್ಷದಲ್ಲಿ ತುಂಬಿಸದು.

ಪಾದ್ರಿಯಾಗಬೇಕು, ಸಭಾಪಾಲಕನಾಗಬೇಕು ಎನ್ನುವ ಮಗುವಿನ ದಾರಿ ಇದಲ್ಲ. ಅದಕ್ಕೆ ದೇವಶಾಸ್ತ್ರದ ಸಂಸ್ಥೆಗಳು ಬೇರೆ ಇವೆ: ಕ್ಯಾಥೊಲಿಕರಿಗೆ ಜೆಪ್ಪುವಿನ ಸೆಮಿನರಿ, ಪ್ರೊಟೆಸ್ಟೆಂಟರಿಗೆ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು. ಬಲ್ಮಠದಂಥ ಕಾಲೇಜುಗಳ ಪದವಿ ಕೊಡುವುದು ಸೆರಾಂಪುರ ಕಾಲೇಜಿನ ಸೆನೆಟ್. 'ಬೈಬಲ್ ಕಾಲೇಜು' ಎಂಬ ಜಾಹೀರಾತು ನೋಡಿದರೆ ಪದವಿ ಕೊಡುವವರು ಯಾರು ಎಂದು ಮೊದಲು ಕೇಳಿ. ಕೆಲವು ಪ್ರಮಾಣಪತ್ರಗಳು ಸಭೆಯೊಳಗೆ ನಡೆಯುತ್ತವೆ, ಸರಕಾರಿ ಉದ್ಯೋಗಕ್ಕೂ ಮುಂದಿನ ಓದಿಗೂ ನಡೆಯುವುದಿಲ್ಲ.

ಪದವಿ ಯಾರದು, ಶುಲ್ಕ ಎಷ್ಟು

ಕಚೇರಿಯಲ್ಲಿ ಕಡತ ನೋಡಿ ಬದುಕಿದವನಾದ್ದರಿಂದ ಈ ಭಾಗವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ.

ಕಾಲೇಜುಗಳಲ್ಲಿ ಮೂರು ಬಗೆ. ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದದ್ದು ಒಂದು: ಪಾಠಪಟ್ಟಿ, ಪರೀಕ್ಷೆ, ಪದವಿ ಎಲ್ಲವೂ ವಿಶ್ವವಿದ್ಯಾನಿಲಯದ್ದು. ಸ್ವಾಯತ್ತ ಕಾಲೇಜು ಎರಡನೆಯದು: ಪಾಠ, ಪರೀಕ್ಷೆ ಕಾಲೇಜಿನದ್ದು, ಪದವಿ ವಿಶ್ವವಿದ್ಯಾನಿಲಯದ್ದು. ಮೂರನೆಯದು ಡೀಮ್ಡ್ ವಿಶ್ವವಿದ್ಯಾನಿಲಯ: ಎಲ್ಲವೂ ಅವರದ್ದೇ. ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಯಿತು, ಬೆಂಗಳೂರಿನ ಕ್ರೈಸ್ಟ್ 2008ರಲ್ಲೇ ಆಗಿತ್ತು. ಅಣ್ಣನೋ ಅಕ್ಕನೋ ಓದಿದಾಗ ಇದ್ದ ಶುಲ್ಕ, ನಿಯಮ ಈಗಲೂ ಇರುತ್ತದೆ ಎಂದುಕೊಳ್ಳಬೇಡಿ.

ಶುಲ್ಕದ ವಿಷಯದಲ್ಲಿ ಮುಖ್ಯ ಪದ 'ಅನುದಾನಿತ'. ಅನುದಾನಿತ ಕೋರ್ಸಿನ ಅಧ್ಯಾಪಕರ ಸಂಬಳ ಸರಕಾರ ಕೊಡುತ್ತದೆ, ಆದ್ದರಿಂದ ಶುಲ್ಕ ಕಡಿಮೆ. ಸ್ವಂತ ಹಣದಿಂದ ನಡೆಯುವ ಕೋರ್ಸಿನಲ್ಲಿ ಸಂಬಳವೂ ನಿಮ್ಮ ಶುಲ್ಕದಿಂದಲೇ ಬರಬೇಕು. ಒಂದೇ ಕಟ್ಟಡದಲ್ಲಿ, ಒಂದೇ ಕಾಲೇಜಿನಲ್ಲಿ ಎರಡೂ ಬಗೆಯ ಕೋರ್ಸುಗಳು ಇರುತ್ತವೆ. ಬಿ.ಕಾಂ. ಅನುದಾನಿತ ಆಗಿದ್ದು, ಪಕ್ಕದ ಕೋಣೆಯ ಬಿ.ಸಿ.ಎ. ಹಾಗಲ್ಲದೆ ಇರಬಹುದು. "ಈ ಕಾಲೇಜಿನ ಶುಲ್ಕ ಎಷ್ಟು?" ಎಂದು ಕೇಳಬೇಡಿ. "ಈ ಕೋರ್ಸಿಗೆ ಮೂರು ವರ್ಷಕ್ಕೆ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಸಮವಸ್ತ್ರ ಎಲ್ಲ ಸೇರಿ ಎಷ್ಟು?" ಎಂದು ಕೇಳಿ, ಬರೆಸಿಕೊಳ್ಳಿ.

ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇರಲಿ. ಸೀಟು ಬಿಟ್ಟು ಬೇರೆಡೆ ಸೇರುವ ಸಂದರ್ಭಕ್ಕೆ ಯುಜಿಸಿ 2018ರಲ್ಲಿ ಹೊರಡಿಸಿದ ಪ್ರಕಟಣೆ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ (5,000 ರೂಪಾಯಿ ಮೀರದಂತೆ ಗರಿಷ್ಠ 5% ಕಳೆದು), ಅದರ ನಂತರ ಕೊನೆಯ ದಿನದೊಳಗೆ ಬಿಟ್ಟರೆ 90%, ಕೊನೆಯ ದಿನ ಕಳೆದು 15 ದಿನದೊಳಗೆ 80%, 30 ದಿನದೊಳಗೆ 50% ಹಿಂದಿರುಗಿಸಬೇಕು. ಆಮೇಲೆ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಪರಿಶೀಲಿಸಿ ಹಿಂದೆ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಇದು ತಿಳಿಯದೆ ಎಷ್ಟೋ ಮಕ್ಕಳು ಸಿಕ್ಕಿದ ಒಳ್ಳೆಯ ಸೀಟನ್ನು ಕೈಬಿಟ್ಟಿದ್ದಾರೆ.

ಹಣ ಸಾಲದ ಮನೆಯ ಚುರುಕು ಮಗುವಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನ ಇದೆ. ಮಂಡಳಿ ಪರೀಕ್ಷೆಯಲ್ಲಿ ಮೇಲಿನ 20% ಮಕ್ಕಳೊಳಗೆ ಬಂದು, ಮನೆಯ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಆಯ್ಕೆಯಾದರೆ ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಇದಲ್ಲದೆ ಕ್ರೈಸ್ತ ಕಾಲೇಜುಗಳಲ್ಲಿ ಹಳೆ ವಿದ್ಯಾರ್ಥಿಗಳ, ದಾನಿಗಳ ನಿಧಿಯಿಂದ ಬಡ ಮಕ್ಕಳಿಗೆ ಸಹಾಯ ಕೊಡುವ ಪದ್ಧತಿ ಇದೆ. ಕೇಳಿದವರಿಗೆ ಸಿಗುತ್ತದೆ, ನಾಚಿಕೊಂಡವರಿಗೆ ಇಲ್ಲ.

ತಲಪಾಡಿ ದಾಟುವಾಗ

ಮಂಗಳೂರು ನಮಗೆ ಊರಿನಷ್ಟೇ ಹತ್ತಿರ. ಕಾಸರಗೋಡಿನಿಂದ 50 ಕಿ.ಮೀ., ಮಂಜೇಶ್ವರದಿಂದ 20ರ ಆಸುಪಾಸು. ಬೆಳಗಿನ ರೈಲು ಹಿಡಿದು ಹೋಗಿ ಸಂಜೆ ಬರುವ ಮಕ್ಕಳು ಎಷ್ಟೋ, ಸೀಸನ್ ಟಿಕೆಟಿನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇದೆ. ಆದರೆ ಕಾಗದದ ಲೆಕ್ಕದಲ್ಲಿ ಅದು ಪರರಾಜ್ಯ.

ಮೊದಲನೆಯದು, ಮೀಸಲಾತಿ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ಪ್ರಮಾಣಪತ್ರ ಇನ್ನೊಂದು ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಕೇರಳದಲ್ಲಿ ಮೀಸಲು ಸೀಟು ಸಿಗುವ ಮಗು ಮಂಗಳೂರಿನಲ್ಲಿ ಸಾಮಾನ್ಯ ವರ್ಗದವರ ಜೊತೆ ನಿಲ್ಲಬೇಕು. ಕೇರಳದ ಶುಲ್ಕ ಸೌಲಭ್ಯ ಹೊರರಾಜ್ಯದ ಓದಿಗೆ ಸಿಗುತ್ತದೆಯೇ ಎಂಬುದನ್ನು ಇಲಾಖೆಯ ಕಚೇರಿಯಲ್ಲಿ ಅರ್ಜಿಗೆ ಮೊದಲೇ ವಿಚಾರಿಸಿಕೊಳ್ಳಬೇಕು, ಸೇರಿದ ಮೇಲಲ್ಲ.

ಎರಡನೆಯದು, ಓದಿನ ವರ್ಷ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲು ಅವಕಾಶವೂ ಇದೆ. ಕರ್ನಾಟಕ ಅದೇ ವರ್ಷ ಮೂರು ವರ್ಷದ ಪದವಿಗೆ ಮರಳಿತು. ಡೀಮ್ಡ್ ಸಂಸ್ಥೆಗಳ ಕ್ರಮವನ್ನು ಪ್ರತ್ಯೇಕವಾಗಿ ಕೇಳಬೇಕು.

ಮೂರನೆಯದು, ನಮ್ಮ ಪಾಲಿಗೆ ಇರುವ ಒಂದು ಅನುಕೂಲ. ಎಂಜಿನಿಯರಿಂಗ್ ಮೊದಲಾದ ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಗಡಿನಾಡು ಕನ್ನಡಿಗ, ಹೊರನಾಡು ಕನ್ನಡಿಗ ಎಂಬ ಅರ್ಹತಾ ವಿಭಾಗಗಳಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವ ಗಡಿ ತಾಲೂಕಿನ ಮಕ್ಕಳು ಈ ವಿಭಾಗದಲ್ಲಿ ಅರ್ಜಿ ಹಾಕಿ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅರ್ಜಿಯ ಆ ಕಲಮನ್ನು ತುಂಬದೆ ಬಿಟ್ಟರೆ ಆಮೇಲೆ ಹೇಳಿಕೊಂಡು ಪ್ರಯೋಜನವಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ತಲಪಾಡಿ ಗಡಿ ಮುಚ್ಚಿದ್ದನ್ನೂ, 2021ರ ಆಗಸ್ಟಿನಲ್ಲಿ ಮತ್ತೆ ಕೋವಿಡ್ ಪರೀಕ್ಷೆಯ ವರದಿ ಇಲ್ಲದೆ ಬಿಡದಿದ್ದನ್ನೂ ನಾವು ಯಾರೂ ಮರೆತಿಲ್ಲ. ಅಂಥದ್ದು ದಿನಾ ಬರುವುದಿಲ್ಲ. ಆದರೂ ದಿನಾ ಓಡಾಡುವ ಮಗುವಿಗೆ ತುರ್ತಿಗೆ ಉಳಿದುಕೊಳ್ಳಲು ಮಂಗಳೂರಿನಲ್ಲಿ ಒಂದು ಮನೆಯೋ ಹಾಸ್ಟೆಲೋ ಗೊತ್ತಿರಲಿ.

ಕನ್ನಡಕ್ಕೆ ಜಾಗ ಇದೆಯೇ

ನಮ್ಮ ಸಂಘ ಕೇಳಲೇಬೇಕಾದ ಪ್ರಶ್ನೆ ಇದು. ಮಂಗಳೂರಿನ ಕಾಲೇಜಿಗೆ ಹೋದರೆ ಕನ್ನಡ ತಾನಾಗಿ ಉಳಿಯುತ್ತದೆ ಎಂಬುದು ಭ್ರಮೆ. ಭಾಷಾ ವಿಷಯವಾಗಿ ಕನ್ನಡವನ್ನು ಆರಿಸಿಕೊಂಡರೆ ಮಾತ್ರ ಉಳಿಯುತ್ತದೆ. ಅಂಕ ಜಾಸ್ತಿ ಬರುತ್ತದೆಂದು ಬೇರೆ ಭಾಷೆಗೆ ಹೋಗುವ ಮಕ್ಕಳು ಹೆಚ್ಚುತ್ತಿದ್ದಾರೆ. ಕೋಝಿಕ್ಕೋಡು, ಕಣ್ಣೂರು ಕಡೆಗೆ ಹೋಗುವುದಾದರೆ ಕನ್ನಡ ಕಲಿಸುವವರು ಇದ್ದಾರೆಯೇ ಎಂದು ಮೊದಲೇ ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಮೊದಲ ಆರು ತಿಂಗಳು ಬಾಯಿ ತೆರೆಯುವುದಿಲ್ಲ. ಬುದ್ಧಿ ಕಡಿಮೆಯಾಗಿ ಅಲ್ಲ, ಪದ ಸಿಗದೆ. ಅಂಥವರಿಗೆ ಆರಂಭದಲ್ಲಿ ವಿಶೇಷ ತರಗತಿ ಇದೆಯೇ ಎಂಬುದು ಕಟ್ಟಡದ ಅಂದಕ್ಕಿಂತ ದೊಡ್ಡ ಪ್ರಶ್ನೆ. ಕನ್ನಡವನ್ನೇ ಮುಖ್ಯ ವಿಷಯವಾಗಿ ಓದುವ ಆಸೆ ಇರುವ ಮಗುವಿಗೆ ಕಾಸರಗೋಡು ಸರಕಾರಿ ಕಾಲೇಜು ಇಲ್ಲೇ ಇದೆ. 1957ರ ಆ ಕಾಲೇಜಿನ ಕನ್ನಡ ವಿಭಾಗದಲ್ಲಿ ನಮ್ಮ ಮಕ್ಕಳೇ ಕೂರದಿದ್ದರೆ ಬೇರೆ ಯಾರು ಕೂರಬೇಕು? ಎಲ್ಲ ವಿಚಾರಿಸಿ ನೋಡಿದ ಮೇಲೆ ಕ್ರೈಸ್ತ ಕಾಲೇಜು ಬೇಡ ಎಂಬ ತೀರ್ಮಾನಕ್ಕೆ ಬಂದರೂ ತಪ್ಪಿಲ್ಲ.

ಮಗುವಿನ ಮಾತು

ಇಷ್ಟೆಲ್ಲ ವಿಚಾರಣೆ ಮಾಡುವುದು ಹೆತ್ತವರ ಕೆಲಸ. ಆರಿಸುವುದು ಮಗುವಿನ ಕೆಲಸ. ಕಚೇರಿಗೆ ಬಂದಾಗ ಅಪ್ಪ ಮಾತನಾಡುತ್ತಾರೆ, ಅಮ್ಮ ತಲೆಯಾಡಿಸುತ್ತಾರೆ, ಓದಬೇಕಾದ ಹುಡುಗಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿರುತ್ತಾಳೆ. ಅವಳಿಗೆ ಹುಡುಗಿಯರ ಕಾಲೇಜು ಬೇಕೋ, ಎಲ್ಲರೂ ಓದುವ ಕಾಲೇಜು ಬೇಕೋ, ಹಾಸ್ಟೆಲಿನ ಕಟ್ಟುಪಾಡು ಹಿಡಿಸುತ್ತದೋ ಎಂದು ಯಾರೂ ಕೇಳಿರುವುದಿಲ್ಲ. ಶಿಸ್ತು ಬೇಕೆಂದು ಹೆತ್ತವರು ಬಯಸುವುದು ಸರಿ. ಆದರೆ ಶಿಸ್ತಿನ ಹೆಸರಿನಲ್ಲಿ ಮಗು ಮಾತೇ ಆಡದಂತೆ ಮಾಡಿದರೆ, ಕಷ್ಟ ಬಂದಾಗಲೂ ಅದು ಮಾತನಾಡುವುದಿಲ್ಲ.

ಆದ್ದರಿಂದ ಎರಡೋ ಮೂರೋ ಕಾಲೇಜುಗಳನ್ನು ಆರಿಸಿ, ತರಗತಿ ನಡೆಯುವ ದಿನ ಮಗುವಿನ ಜೊತೆ ಹೋಗಿ. ನೀವು ಕಚೇರಿಯಲ್ಲಿ ಶುಲ್ಕ ವಿಚಾರಿಸುವಾಗ ಮಗು ಒಬ್ಬಳೇ ಗ್ರಂಥಾಲಯ, ಕ್ಯಾಂಟೀನು ನೋಡಿ ಬರಲಿ, ನಮ್ಮ ಊರಿನಿಂದ ಬಂದು ಓದುವವರ ಜೊತೆ ಮಾತನಾಡಲಿ. ಬರುವ ದಾರಿಯಲ್ಲಿ ಮೊದಲು ಅವಳ ಅಭಿಪ್ರಾಯ ಕೇಳಿ, ನಿಮ್ಮದನ್ನು ಆಮೇಲೆ ಹೇಳಿ.

ಹೊರಡುವ ಮೊದಲು ಒಂದು ಕಾಗದದಲ್ಲಿ ಇಷ್ಟು ಬರೆದುಕೊಳ್ಳಿ:

1. ನಡೆಸುವವರು ಯಾರು? ಸಂಯೋಜಿತವೋ, ಸ್ವಾಯತ್ತವೋ, ಡೀಮ್ಡೋ?
2. ನ್ಯಾಕ್ ಶ್ರೇಣಿ ಯಾವುದು, ಯಾವ ವರ್ಷದ್ದು?
3. ನಮಗೆ ಬೇಕಾದ ಕೋರ್ಸು ಅನುದಾನಿತವೇ? ಪೂರ್ತಿ ಅವಧಿಯ ಒಟ್ಟು ಖರ್ಚೆಷ್ಟು?
4. ಪ್ರಾರ್ಥನೆ, ನೀತಿಬೋಧೆಯಲ್ಲಿ ಕಡ್ಡಾಯ ಯಾವುದು, ಐಚ್ಛಿಕ ಯಾವುದು?
5. ಭಾಷಾ ವಿಷಯವಾಗಿ ಕನ್ನಡ ಇದೆಯೇ?
6. ಕೇರಳ ಮಂಡಳಿಯ ಮಕ್ಕಳಿಗೆ ಅರ್ಹತಾ ಪತ್ರ ಬೇಕೇ? ಬೇರೆ ಯಾವ ದಾಖಲೆ ಬೇಕು?
7. ದೂರು ಬಂದರೆ ಕೇಳುವವರು ಯಾರು? ಹೆಣ್ಣುಮಕ್ಕಳ ದೂರಿಗೆ ಸಮಿತಿ ಇದೆಯೇ?

ಉತ್ತರಗಳನ್ನು ಪಕ್ಕದಲ್ಲಿ ಬರೆದುಕೊಂಡು ಬಂದರೆ ಮನೆಯಲ್ಲಿ ಕೂತು ಹೋಲಿಸಬಹುದು. ಅರ್ಜಿ ತುಂಬಲು, ದಾಖಲೆ ಜೋಡಿಸಲು ಸಹಾಯ ಬೇಕಾದವರು ಎಂದಿನಂತೆ ಸಂಜೆಯ ಹೊತ್ತು ಸಂಘದ ಕಚೇರಿಗೆ ಬನ್ನಿ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ, ಕುರ್ಚಿ ಅವರಿಗೇ ಮೊದಲು. ಈಗಾಗಲೇ ಈ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳು ಒಂದು ದಿನ ಬಂದು ಕಿರಿಯರೊಡನೆ ಮಾತನಾಡಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.

— ಕಾರ್ಯದರ್ಶಿ